ಅಡುಗೆಯ ಮೇಲೆ ಬಂದ ದೂರು

ಕಾಲೇಜಿನಲ್ಲಿ ಹತ್ತಿದ ಗಾಂಜಾ ಚಟವನ್ನು ಮದುವೆಯಾದ ಮೇಲೂ ನಾನು ಬಿಟ್ಟಿರಲಿಲ್ಲ. ಕೊತ್ತಗೆರೆಯ ನಮ್ಮ ತೆಂಗಿನ ತೋಟ ನೋಡಿಬರುವ ನೆಪದಲ್ಲಿ ಹೋಗಿ ಸೇದುತ್ತಿದ್ದೆ. ಸದಾಶಿವನಗರದ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಳೆದ ವರ್ಷ ವಾಂತಿ ಶುರುವಾಯಿತು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಬಿಸಿನೀರು ಹುಯ್ದುಕೊಂಡಷ್ಟು ಹೊತ್ತು ಮಾತ್ರ ಸಮಾಧಾನ. ಅಮ್ಮ ನನ್ನ ಹೆಂಡತಿಯ ಅಡುಗೆಯನ್ನೇ ದೂರಿದರು. ಅವಳು ಖಾರ ಬಿಟ್ಟಳು, ಎಣ್ಣೆ ಬಿಟ್ಟಳು, ಬರೀ ರಾಗಿ ಗಂಜಿ ಕಾಯಿಸಿದಳು. ಆಗಲೂ ಗಾಂಜಾ ವಿಷಯ ನಾನು ಬಾಯಿ ಬಿಡಲಿಲ್ಲ.

ಕೊನೆಗೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದರು. ಬಿಸಿನೀರು ಹುಯ್ದುಕೊಂಡರೆ ಸಮಾಧಾನ ಎಂದು ನಾನು ಹೇಳಿದ್ದೇ ಡಾಕ್ಟರ್, "ಗಾಂಜಾ ಸೇದ್ತೀರಾ?" ಎಂದರು.

"ಅಯ್ಯೋ, ಅವ್ರು ಬೀಡಿನೂ ಮುಟ್ಟಲ್ಲ ಸಾರ್. ನನ್ ಅಡುಗೆನೇ ಒಗ್ತಾ ಇಲ್ಲ," ಎಂದಳು ಹೆಂಡತಿ.

ಆ ಮಾತು ಕೇಳಿ ತಡೆಯಲಾಗಲಿಲ್ಲ. "ಸೇದ್ತೀನಿ ಸಾರ್, ಕಾಲೇಜಿಂದ್ಲೂ," ಎಂದೆ.

"ವಾಂತಿ ಅದ್ರಿಂದ್ಲೇ. ವರ್ಷಗಟ್ಲೆ ಸೇದೋರಲ್ಲಿ ಕೆಲವ್ರಿಗೆ ಹೀಗಾಗುತ್ತೆ, ಬಿಸಿನೀರಿಗೆ ತಗ್ಗೋದೇ ಅದರ ಗುರುತು. ಈಗ ಔಷಧಿ ಕೊಡ್ತೀನಿ. ಆದ್ರೆ ಪೂರ್ತಿ ಬಿಟ್ರೆ ಮಾತ್ರ ವಾಸಿಯಾಗೋದು."

ಡಾಕ್ಟರ್ ಹೋದ ಮೇಲೆ ಅವಳು ಕೇಳಿದ್ದು ಒಂದೇ. "ಅತ್ತೆ ಬೈಯುವಾಗ ನೀವು ಪಕ್ಕದಲ್ಲೇ ಕೂತಿದ್ರಲ್ರೀ?"

ಅಂದಿನಿಂದ ಸೇದಿಲ್ಲ. ವಾಂತಿಯೂ ನಿಂತಿದೆ. ಅಮ್ಮನಿಗೆ ನಾನೇ ಎಲ್ಲ ಹೇಳಿದೆ. ಆದರೂ ನಾನು ಮೊದಲ ತುತ್ತು ನುಂಗುವವರೆಗೆ ಹೆಂಡತಿ ಇವತ್ತಿಗೂ ಹೆದರಿಕೊಂಡೇ ನನ್ನ ಮುಖ ನೋಡುತ್ತಾಳೆ. ನನಗೆ ತಲೆಯೆತ್ತಲಾಗುವುದಿಲ್ಲ.