ಗೆರೆ ಮಣಿಕಟ್ಟಿನವರೆಗೂ ಇತ್ತು

ಗೋಡೆಗೆ ಒರಗಿಸಿ ಕೂರಿಸಿದ್ದ ಮಗನ ಶವದ ಪಕ್ಕದಲ್ಲಿದ್ದ ಗಂಗವ್ವ, ನನ್ನನ್ನು ಕಂಡವರೇ ಅವನ ಬಲಗೈ ಎತ್ತಿ ಬೆರಳುಗಳನ್ನು ಬಿಡಿಸಿದರು. ಎಡಗೈಯಲ್ಲಿ ಆಗಲೇ ಇಷ್ಟಲಿಂಗ ಇಟ್ಟಿದ್ದರು. ನಾನು ಕೈ ನೋಡುವುದನ್ನು ಕಲಿಯುತ್ತಿದ್ದದ್ದು ಹೂಲಿಯ ನಮ್ಮ ಓಣಿಗೆಲ್ಲ ಗೊತ್ತಿತ್ತು.

“ಗಂಡಮಕ್ಕಳದು ಬಲಗೈ ನೋಡತಾರಲ್ಲ ತಂಗಿ? ಆಯುಷ್ಯದ ಗೆರಿ ಎಷ್ಟ ಐತಿ ನೋಡು. ಮೋಟರ್ ಚಾಲೂ ಮಾಡಿ ಬಾ ಅಂತ ನಾನಽ ಹೊಲಕ್ಕ ಕಳಿಸಿದ್ನಿ. ನಾನಽ ಕೊಂದ್ನೋ, ಇವನ ಹಣೇಬರಹನಽ ಇಷ್ಟಿತ್ತೋ?”

ಭಜನೆಯವರು ತಾಳ ನಿಲ್ಲಿಸಿದರು. ಕರೆಂಟ್ ಹೊಡೆದ ಬೆರಳ ತುದಿಗಳು ಕಪ್ಪಾಗಿದ್ದವು. ಗೆರೆ ಮಾತ್ರ ಹೆಬ್ಬೆರಳ ಬುಡವನ್ನು ಬಳಸಿ, ಎಲ್ಲೂ ಕಡಿಯದೆ ಮಣಿಕಟ್ಟಿನವರೆಗೆ ಇಳಿದಿತ್ತು.

“ಗಿಡ್ಡ ಐತ್ರಿ ಯಕ್ಕಾ,” ಎಂದೆ. “ನೀವು ಕಳಿಸಲಿಲ್ಲಂದ್ರೂ ಅವ ಉಳೀತಿರಲಿಲ್ಲ.”

ಬೆಳಗಿನಿಂದ ಕಲ್ಲಿನಂತೆ ಕುಳಿತಿದ್ದ ಗಂಗವ್ವ ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಮೊದಲ ಸಲ ಅತ್ತರು.

ನನ್ನ ಹತ್ತಿರ ಹೊಸದಾಗಿ ಕಲಿಯಲು ಬರುವವರು ಇಂದಿಗೂ ಮೊದಲು ಕೇಳುವುದು, ಉದ್ದ ಗೆರೆಯೆಂದರೆ ದೀರ್ಘಾಯುಷ್ಯವೇ ಎಂದು. ಅಲ್ಲ ಎನ್ನುತ್ತೇನೆ. ಹೇಗೆ ಗೊತ್ತು ಎಂದರೆ ಬಾಯಿ ಬಿಡುವುದಿಲ್ಲ. ಗಂಗವ್ವ ಇರುವುದು ಎದುರುಮನೆಯಲ್ಲೇ. ಅವರಿಗೆ ಓದಲು ಬಾರದು. ಅದಕ್ಕೇ ಇದನ್ನು ಇಲ್ಲಿ ಬರೆದೆ.