ಮೀಡಿಯಂ ಸೈಜಿನವನ ಚಳಿ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವನ ಕೆಲಸವೆಂದರೆ ನಿಲ್ಲುವುದು. ಹತ್ತೊಂಬತ್ತು ವರ್ಷಗಳಿಂದ ಅವನು ಕೈ ಅಗಲಿಸಿ ನಿಂತಿದ್ದ. ಕಟಿಂಗ್ ಮಾಸ್ತರರು ತಿಂಗಳಿಗೊಮ್ಮೆ ಅವನ ಮೈಗೆ ಬಟ್ಟೆ ಹಿಡಿದು, ಪಿನ್ನು ಚುಚ್ಚಿ ಹೊಸ ಮಾದರಿ ತೆಗೆಯುತ್ತಿದ್ದರು. ಊರಿನ ಮೀಡಿಯಂ ಶರ್ಟುಗಳೆಲ್ಲ ಅದೇ ಅಳತೆಯವು. ಹೀಗಾಗಿ ಎಲ್ಲರ ಬಾಯಲ್ಲೂ ಅವನು ‘ಮೀಡಿಯಂ’. ಅವನ ಎಡಭುಜ ಕೊಂಚ ಇಳಿಜಾರು. ಊರಿನ ಶರ್ಟುಗಳೂ ಎಡಕ್ಕೆ ವಾಲುತ್ತಿದ್ದವು, ಯಾರೂ ಚಕಾರವೆತ್ತಿರಲಿಲ್ಲ.

ಒಂದು ದಿನ ಅವನು ತೊಟ್ಟ ಶರ್ಟಿನ ಹೊಟ್ಟೆಯ ಬಳಿಯ ಗುಂಡಿ ಪಟ್ಟೆಂದು ಹಾರಿ ಮಾಸ್ತರರ ಕನ್ನಡಕಕ್ಕೆ ಬಡಿಯಿತು.

"ಏನಯ್ಯ, ಉಬ್ತಾ ಇದೀಯಲ್ಲ? ಇನ್ನೊಂದು ಗುಂಡಿ ಹಾರಿದ್ರೆ ಬೇರೆ ಮೈ ಹುಡುಕ್ತೀನಿ ನೋಡು!"

ನಿಲ್ಲುವುದು ಬಿಟ್ಟರೆ ಬೇರೆ ಕಸುಬು ಅವನಿಗೆ ಗೊತ್ತಿರಲಿಲ್ಲ. ಬೆಳಗಿನ ತಿಂಡಿಗೆ ಎಳ್ಳುನೀರು ಬಿಟ್ಟ. ಮಧ್ಯಾಹ್ನದ ಊಟವನ್ನು ಅರ್ಧಕ್ಕಿಳಿಸಿದ. ಎರಡು ತಿಂಗಳು ಕಳೆಯುವಷ್ಟರಲ್ಲಿ ಸುಡುಬಿಸಿಲಲ್ಲೂ ಮೈ ಗಡಗಡ ನಡುಗತೊಡಗಿತು. ಎದ್ದು ನಿಂತರೆ ತಲೆ ಗಾಳಿಪಟ.

ಗುಂಡಿ ಹೊಲಿಯುವ ಹೆಂಗಸರು ಫ್ಯಾನಿನ ಗಾಳಿ ಎಂದರು. ಇಸ್ತ್ರಿಯವನು ಬಿಡಿಸಿ ಹೇಳಿದ: "ಇಷ್ಟು ವರ್ಷ ಪಿನ್ನು ಚುಚ್ಚಿಸಿಕೊಂಡಿದೀಯ. ಆ ತೂತುಗಳಿಂದ ಮೈಬಿಸಿ ಸೋರಿಹೋಗ್ತಿದೆ ಕಣೋ." ಮೀಡಿಯಂ ಒಂದು ವಾರ ಮೈತುಂಬ ಪ್ಲಾಸ್ಟರ್ ಅಂಟಿಸಿಕೊಂಡು ಓಡಾಡಿದ. ಕೀಳುವಾಗ ಪ್ರಾಣ ಬಾಯಿಗೆ ಬಂತೇ ಹೊರತು ಚಳಿ ಬಿಡಲಿಲ್ಲ.

"ಇನ್ನು ಸಾಕು ರೀ, ನಡೀರಿ," ಎಂದು ಹೆಂಡತಿ ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು.

ಡಾಕ್ಟರಮ್ಮ ಅವನ ಕೆಳರೆಪ್ಪೆ ಎಳೆದು ನೋಡಿ, ರಕ್ತಪರೀಕ್ಷೆಯ ಚೀಟಿ ಓದಿದರು.

"ಜ್ವರ ಇಲ್ಲ. ಥೈರಾಯ್ಡ್ ಸರಿಯಾಗಿದೆ. ರಕ್ತ ಕಡಿಮೆ, ಸಕ್ಕರೆಯೂ ಇಳಿದಿದೆ. ಬೆಳಿಗ್ಗೆ ಏನು ತಿಂದ್ರಿ?"

"ನೀರು, ಡಾಕ್ಟ್ರೇ. ಅರ್ಧ ಲೋಟ."

"ನೀವೂ ಅದೇನಾ! ಈ ತಿಂಗಳು ನಲವತ್ತೊಂದನೆಯವರು ನೀವು. ಎಲ್ಲರದೂ ಒಂದೇ ರಾಗ. ಹೊಸ ಶರ್ಟು ಬಿಗಿಯಾಯ್ತು, ದಪ್ಪ ಆಗಿಬಿಟ್ಟೆ, ತಿನ್ನೋದು ಬಿಟ್ಟೆ ಅಂತ!"

ಮೀಡಿಯಂ ಬಾಗಿಲಾಚೆ ನೋಡಿದ. ಬೆಂಚಿನ ಮೇಲೆ ನಡುಗುತ್ತಾ ಕುಳಿತವರ ಎಡಭುಜಗಳೆಲ್ಲ ಸಾಲಾಗಿ ಇಳಿಬಿದ್ದಿದ್ದವು. ಎಲ್ಲರ ಮೈಮೇಲೂ ಅವನ ಸೊರಗಿದ ಅಳತೆಯ ಹೊಸ ಶರ್ಟೇ. ಕೊನೆಯಲ್ಲಿ ಕಂಬಳಿ ಹೊದ್ದು ಮುದುರಿದವರು ಮಾಸ್ತರರು.

"ನೀವೂನಾ, ಮಾಸ್ತರ್ರೇ?"

"ನಾನು ಹಾಕೋದೂ ಮೀಡಿಯಮ್ಮೇ ಅಲ್ವೇನಯ್ಯ? ಒಂದು ತಿಂಗಳಿಂದ ಉಪವಾಸ."

ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಇವರು ಹೊಟ್ಟೆ ತುಂಬ ತಿಂದ್ರೆ ಕೆಲಸದಿಂದ ತೆಗೀತೀರಾ? ಇಲ್ಲೇ ಹೇಳ್ಬಿಡಿ."

ಮಾಸ್ತರರ ಹಲ್ಲು ಕಟಕಟಿಸಿತು. "ತಿನ್ನದಿದ್ರೆ ತೆಗೀತೀನಿ, ತಾಯಿ!"

ಮರುದಿನ ಬೆಳಿಗ್ಗೆ ಕಟಿಂಗ್ ಮೇಜಿನ ಮೇಲೆ ಬ್ರೆಡ್ಡು ಮತ್ತು ನಾಲ್ಕು ಬೇಯಿಸಿದ ಮೊಟ್ಟೆ ಅವನಿಗಾಗಿ ಕಾದಿದ್ದವು. ಇಡೀ ಕಾರ್ಖಾನೆ ಹೊಲಿಗೆ ನಿಲ್ಲಿಸಿ ನೋಡುತ್ತಿತ್ತು. ಮೀಡಿಯಂ ಎಲ್ಲವನ್ನೂ ಮುಗಿಸಿ, ಬಾಯಿ ಒರೆಸಿಕೊಂಡು, ಅಭ್ಯಾಸಬಲದಿಂದ ಕೈ ಅಗಲಿಸಿ ನಿಂತ.

ಮಾಸ್ತರರು ಅವನ ಹೊಟ್ಟೆಯ ಸುತ್ತ ಬಟ್ಟೆ ಹಿಡಿದು ತಲೆಯಾಡಿಸಿದರು.

"ಸಾಲದಯ್ಯ, ಇನ್ನೆರಡು ತಿನ್ನು. ಊರು ಕಾಯ್ತಾ ಇದೆ."