ಹೊಟ್ಟು ಊದುವ ಬಾಯಿ

ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಭತ್ತ ನೋಡಿ ಗುಣ ಹೇಳುವುದು ನನ್ನ ಕೆಲಸ. ಹಿಡಿ ಭತ್ತವನ್ನು ಅಂಗೈಯಲ್ಲಿ ತಿಕ್ಕಿ, ಉಫ್ ಎಂದು ಹೊಟ್ಟು ಊದಿದರೆ ಸಾಕು, ಅಕ್ಕಿಯ ಯೋಗ್ಯತೆ ಗೊತ್ತಾಗುತ್ತದೆ. ಇಪ್ಪತ್ತು ವರ್ಷ ಊದಿದ್ದೆ. ತಲೆಬುರುಡೆಯ ಬುಡದಲ್ಲಿ, ಎಡಗಿವಿಯ ಹಿಂದೆ ಬೆಳೆದಿದ್ದ ಗಡ್ಡೆಯನ್ನು ತೆಗೆಸಿಕೊಂಡ ಮೇಲೆ ಊದಲಿಕ್ಕೇ ಆಗುತ್ತಿಲ್ಲ. ಎಡಗೆನ್ನೆ ಅಲುಗುವುದಿಲ್ಲ, ಗಾಳಿಯೆಲ್ಲ ಬಾಯಂಚಿನಿಂದ ಸೋರಿಹೋಗುತ್ತದೆ. ಈಗ ಬೇರೆಯವರು ಊದಿಕೊಟ್ಟದ್ದನ್ನು ನೋಡಿ ಹೇಳುತ್ತೇನೆ. ಜೀವ ಉಳಿಯಿತಲ್ಲ ಎನ್ನುತ್ತಾರೆ ಎಲ್ಲರೂ. ಹೇಳುವವರದೇನು ಹೋಗುತ್ತದೆ?

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದಲ್ಲಿ ಕುರುಗೋಡಿನ ಒಬ್ಬ ಟೇಲರ್ ಇದ್ದ. ಅದೇ ವಾರ, ಅದೇ ಜಾಗದ ಗಡ್ಡೆ, ಅದೇ ಡಾಕ್ಟರು. ಪಟ್ಟಿ ಬಿಚ್ಚಿದಾಗ ನೋಡುತ್ತೇನೆ, ಅವನ ಮುಖ ಮದುವೆ ಗಂಡಿನ ಹಾಗಿತ್ತು. ನನಗೆ ಹೊಟ್ಟೆ ಉರಿದುಹೋಯಿತು. ಡಾಕ್ಟರು ಅವನಿಗೆ ಮಾತ್ರ ಮನಸ್ಸಿಟ್ಟು ಆಪರೇಷನ್ ಮಾಡಿದ್ದಾರೆ ಎಂದು ಮಿಲ್ಲಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ವರ್ಷಕ್ಕೊಮ್ಮೆ ಸ್ಕ್ಯಾನಿಂಗ್‌ಗೆ ಬಳ್ಳಾರಿಗೆ ಹೋಗಬೇಕು. ಜೊತೆಗೇ ಹೋಗೋಣ ಎಂದು ಅವನೇ ಫೋನ್ ಮಾಡುತ್ತಿದ್ದ. ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ಅವನು ಚಹಾವನ್ನು ಊದಿ ಊದಿ ಕುಡಿಯುವಾಗ, ನಾನು ಟವೆಲಿನಿಂದ ಎಡಗೆನ್ನೆ ಮುಚ್ಚಿಕೊಂಡು ಆ ತುಟಿಗಳನ್ನೇ ನೋಡುತ್ತಿದ್ದೆ.

"ಊದ್ಕೊಂಡು ಕುಡೀರಿ ಅಣ್ಣ, ಬಾಯಿ ಸುಟ್ಟೀತು," ಎನ್ನುತ್ತಿದ್ದ ಪುಣ್ಯಾತ್ಮ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಅದನ್ನೂ ನನಗೆ ಸಹಿಸಲಿಕ್ಕೆ ಆಗುತ್ತಿರಲಿಲ್ಲ.

ಮೂರನೇ ವರ್ಷ ಡಾಕ್ಟರು ಮೊದಲು ನನ್ನನ್ನು ಕರೆದು, ಗಡ್ಡೆಯ ಗುರುತೂ ಇಲ್ಲ ಎಂದರು. ಆಮೇಲೆ ಒಳಗೆ ಹೋದ ಅವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಹೋಟೆಲಿನಲ್ಲಿ ಅವನ ಮುಂದಿನ ಚಹಾ ಕೆನೆಗಟ್ಟಿತು. ಊದಲಿಲ್ಲ, ಮುಟ್ಟಲೂ ಇಲ್ಲ.

"ನಂದು ಮತ್ತ ಬೆಳದೈತಂತ್ರಿ ಅಣ್ಣ," ಎಂದ. "ಮುಖದ ನರಕ್ಕ ಒಂದು ತುಣುಕು ಅಂಟಿತ್ತಂತ. ಕಿತ್ರ ಮುಖ ಸೊಟ್ಟ ಆಗತೈತಿ ಅಂತ ಆವಾಗ ಅಷ್ಟು ಬಿಟ್ಟಿದ್ರಂತ. ಈಗ ಮತ್ತ ಆಪರೇಷನ್ ಆಗಬೇಕು. ಈ ಸಲ ಏನಾಗತೈತೋ ಏನೋ. ನಿಮ್ಮದು ಪೂರಾ ಹೋತು. ನಿಮ್ಮ ಮುಖ ನೋಡಿದ್ರ ನನಗ ಹೊಟ್ಟಿ ಉರೀತೈತ್ರಿ."

ಅಯ್ಯೋ ಪಾಪ ಎನ್ನಬೇಕಿತ್ತು. ಎನ್ನುವ ಮೊದಲೇ ನನ್ನ ಹೊಟ್ಟೆ ತಣ್ಣಗಾಯಿತು, ನೆಟ್ಟಗಿದ್ದ ಬಲಗೆನ್ನೆ ನಕ್ಕೇಬಿಟ್ಟಿತು. ಅವನು ಅದನ್ನು ನೋಡಿದ. ಮೂರು ವರ್ಷ ಎಡಗೆನ್ನೆಯ ಮೇಲಿದ್ದ ಟವೆಲನ್ನು ನಾನು ಬಲಗೆನ್ನೆಗೆ ಎಳೆದುಕೊಂಡೆ.